ಸೋರುವ ಸ್ಟೀಮ್ ವಾಲ್ವ್: ನಾಬ್ ಬಿಗಿಯುವ ಮೊದಲು ನೋಡಬೇಕಾದದ್ದು

ಮನೆಬಳಕೆಯ ಎಸ್ಪ್ರೆಸೊ ಯಂತ್ರ "ಸ್ಟೀಮ್ ಕೊಳವೆ ತೊಟ್ಟಿಕ್ಕುತ್ತಿದೆ" ಎಂಬ ದೂರಿನೊಂದಿಗೆ ರಿಪೇರಿ ಮೇಜಿಗೆ ಬಂದರೆ ಮೊದಲು ಮುಟ್ಟಿ ನೋಡಬೇಕಾದ್ದು ನಾಬನ್ನು. ಹೆಚ್ಚಿನ ಸಲ ಅದು ಕಲ್ಲಿನ ಹಾಗೆ ಬಿಗಿದುಕೊಂಡಿರುತ್ತದೆ. ಸೋರುತ್ತದೆ ಎಂದು ಬಿಗಿದಿರುತ್ತಾರೆ, ಸ್ವಲ್ಪ ದಿನ ನಿಲ್ಲುತ್ತದೆ, ಆಮೇಲೆ ಮೊದಲಿಗಿಂತ ಜಾಸ್ತಿ ಸೋರುತ್ತದೆ, ಮತ್ತೆ ಬಿಗಿಯುತ್ತಾರೆ. ವಾಲ್ವ್ ಹಾಳಾಗುವುದು ಈ ಸುತ್ತಿನಲ್ಲೇ. ನಾಬ್ ತಿರುಗಿಸುವ ದಂಡವೇ ಸ್ಪಿಂಡಲ್, ಅದರ ಚೂಪು ತುದಿ ಸೂಜಿ, ಸೂಜಿ ಕೂತು ಮುಚ್ಚುವ ತೂತಿನ ಬಾಯಿ ಸೀಟ್. ಸೂಜಿಯ ಇಳಿಜಾರು ಸೀಟಿನ ಅಂಚಿಗೆ ಸುತ್ತಲೂ ಒಂದೇ ಸಮನೆ ತಾಗುವ ತೆಳ್ಳನೆ ಗೆರೆಯೊಂದಿದೆ. ಹಬೆ ನಿಲ್ಲುವುದು ಆ ಗೆರೆಯಿಂದ. ಅದು ಯಾಕೆ ಕೆಟ್ಟಿದೆ ಎಂದು ನೋಡದೆ ಕೈಬಲ ಹಾಕಿದರೆ ಮೆದು ಹಿತ್ತಾಳೆಯಲ್ಲಿ ಕುಳಿ ಬೀಳುತ್ತದೆ.

ತೊಟ್ಟಿಕ್ಕುವುದೆಲ್ಲ ಸೋರಿಕೆಯಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಹಬೆ ನಿಲ್ಲಿಸಿದ ಮೇಲೆ ಕೊಳವೆಯೊಳಗೆ ಉಳಿದದ್ದು ತಣಿದು ನೀರಾಗಿ ನಾಲ್ಕಾರು ಹನಿ ಬೀಳುವುದು ಸಹಜ. ಯಂತ್ರ ಪೂರ್ತಿ ಬಿಸಿಯಾದ ಮೇಲೆ ಒಮ್ಮೆ ಹಬೆ ಬಿಟ್ಟು ಮುಚ್ಚಿ, ತುದಿಯನ್ನು ಒಣಬಟ್ಟೆಯಿಂದ ಒರೆಸಿ, 5 ನಿಮಿಷ ಕಾಯಿರಿ. ಆಮೇಲೆ ಕೆಳಗೆ ಒಂದು ಟಿಶ್ಯೂ ಕಾಗದ ಇಡಿ. ಇನ್ನು 5 ನಿಮಿಷದಲ್ಲಿ ಕಾಗದ ಒದ್ದೆಯಾದರೆ ಅದು ನಿಜವಾದ ಸೋರಿಕೆ.

ಸೋರುವ ಜಾಗ ನಾಲ್ಕು, ನಾಲ್ಕಕ್ಕೂ ಮದ್ದು ಬೇರೆ. ತುದಿಯಿಂದ ಬಂದರೆ ಸೀಟಿನ ತೊಂದರೆ. ನಾಬಿನ ಹಿಂದಿನಿಂದ ಬಂದರೆ ಸ್ಪಿಂಡಲ್ ಸುತ್ತಲಿನ ಓ-ರಿಂಗ್ (ರಬ್ಬರ್ ಬಳೆ) ಅಥವಾ ಗ್ಲ್ಯಾಂಡ್ ಪ್ಯಾಕಿಂಗ್ (ಸ್ಪಿಂಡಲ್ ಸುತ್ತ ಒತ್ತಿ ತುಂಬಿದ ತಡೆ) ಸವೆದಿದೆ; ಹೆಚ್ಚಿನ ವಾಲ್ವ್‌ಗಳಲ್ಲಿ ಇದು ವಾಲ್ವ್ ತೆರೆದಾಗ ಮಾತ್ರ ಕಾಣುತ್ತದೆ. ಕೊಳವೆ ಆ ಕಡೆ ಈ ಕಡೆ ತಿರುಗುವ ಕೀಲಿನಿಂದ ಬಂದರೆ ಒಳಗಿನ ರಿಂಗ್ ಹೋಗಿದೆ. ವಾಲ್ವ್ ಬಾಯ್ಲರಿಗೆ ಕೂಡುವಲ್ಲಿ ಬಂದರೆ, ನಾಬ್ ಹೇಗೇ ಇದ್ದರೂ ಯಂತ್ರ ಬಿಸಿ ಇರುವಷ್ಟು ಹೊತ್ತೂ ಸೋರುತ್ತದೆ, ಅಲ್ಲಿ ಬಿಳಿ ಅಥವಾ ಹಸಿರು ಕಲೆ ಕಟ್ಟಿರುತ್ತದೆ. ಈ ಕೊನೆಯದನ್ನು ತಿಂಗಳುಗಟ್ಟಲೆ ಬಿಡಬಾರದು. ನೀರು ಇಳಿದು ಥರ್ಮೋಸ್ಟ್ಯಾಟಿನ ತಂತಿಗಳಿಗೆ ಮುಟ್ಟುತ್ತದೆ.

ಒಂದೇ ಬಾಯ್ಲರಿನ ಯಂತ್ರದಲ್ಲಿ ಇನ್ನೊಂದು ಗುರುತಿದೆ. ಹಬೆ ತಯಾರಾಗುವಾಗ ಅಂಥ ಬಾಯ್ಲರ್ 140 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಹೋಗುತ್ತದೆ. ಆ ಬಿಸಿಗೆ ಗೇಜಿನಲ್ಲಿ ಕಾಣುವ ಒತ್ತಡ ಸುಮಾರು 2.6 ಬಾರ್. ಕಾಫಿ ಇಳಿಸುವಾಗಲಾದರೆ ಅದೇ ಬಾಯ್ಲರಿಗೆ ಪಂಪಿನ 9 ಬಾರ್, ಕೆಲವೊಮ್ಮೆ ಅದಕ್ಕೂ ಹೆಚ್ಚು ಒತ್ತಡ ಬೀಳುತ್ತದೆ, ಸ್ಟೀಮ್ ವಾಲ್ವ್ ಅದನ್ನೂ ತಡೆಯಬೇಕು. ಹಾಗಾಗಿ ಸೀಟ್ ಕೆಡಲು ಶುರುವಾದಾಗ ಮೊದಲ ಹನಿ ಕಾಣುವುದು ಕಾಫಿ ಇಳಿಯುವ ಹೊತ್ತಿನಲ್ಲಿ. ಹಬೆಗೇ ಪ್ರತ್ಯೇಕ ಬಾಯ್ಲರ್ ಇರುವ ಯಂತ್ರಗಳಲ್ಲಿ ಒತ್ತಡ 1ರಿಂದ 1.5 ಬಾರ್ ಮಾತ್ರ, ಬಿಸಿ 120ರಿಂದ 127 ಡಿಗ್ರಿ. ಅಲ್ಲಿ ಸೋರಿಕೆ ನಿಧಾನ, ಆದರೆ ಇಡೀ ದಿನ ನಡೆಯುತ್ತದೆ. ನೀರು ತಾನಾಗಿ ತುಂಬುವ ಯಂತ್ರವಾದರೆ ಯಾರೂ ಮುಟ್ಟದಿದ್ದರೂ ಪಂಪ್ ಆಗಾಗ ಗುರ್ ಎನ್ನುತ್ತದೆ. ತಾನಾಗಿ ತುಂಬದ ಯಂತ್ರದಲ್ಲಿ ನೀರು ಇಳಿದು ಹೀಟರ್ ನೀರಿನಿಂದ ಹೊರಗೆ ಉಳಿದರೆ ಅದು ಸುಟ್ಟುಹೋಗಬಹುದು.

ಬಿಚ್ಚುವ ಮೊದಲು ಒಂದು ಪ್ರಯತ್ನ ಮಾಡಲೇಬೇಕು. ಸುಣ್ಣದ ಪೊರೆ ತೆಗೆಯಲು ಬಾಯ್ಲರಿಗೆ ಆಸಿಡ್ ಹಾಕಿದ ಮಾರನೆಯ ದಿನವೇ ಸೋರಿಕೆ ಶುರುವಾದರೆ ವಾಲ್ವ್ ಕೆಟ್ಟಿಲ್ಲ ಎಂದೇ ಮೊದಲು ಅನುಮಾನಿಸಿ. ಸಡಿಲವಾದ ಸುಣ್ಣದ ಚೂರು ಬಂದು ಸೀಟಿನ ಮೇಲೆ ಕೂತಿರುತ್ತದೆ. ಯಂತ್ರ ಪೂರ್ತಿ ಬಿಸಿ ಮಾಡಿ, ಕೊಳವೆಯ ತುದಿಯನ್ನು ಒಂದು ಪಾತ್ರೆಯೊಳಗಿಟ್ಟು, ವಾಲ್ವನ್ನು ಪೂರ್ತಿ ತೆರೆದು 10 ಸೆಕೆಂಡ್ ಹಬೆ ಬಿಡಿ. ಮೆಲ್ಲಗೆ ಮುಚ್ಚಿ, ಒತ್ತಡ ಏರಲು ಬಿಟ್ಟು, ಇದನ್ನೇ 3-4 ಸಲ ಮಾಡಿ. ಚೂರು ಹಾರಿಹೋದರೆ ಕೆಲಸ ಅಲ್ಲಿಗೇ ಮುಗಿಯಿತು. ಚೂರು ಕೂತಿರುವಾಗ ನಾಬ್ ಬಿಗಿದರೆ ಮಾತ್ರ ಅದು ಹಿತ್ತಾಳೆಗೆ ಒತ್ತಿ ಹಳ್ಳ ಮಾಡುತ್ತದೆ. ನಾಬಿನ ಹಿಂದಿನ ಸೋರಿಕೆಗೂ ಹೀಗೇ ಒಂದು ಸುಲಭದ ದಾರಿ ಇದೆ: ಗ್ಲ್ಯಾಂಡ್ ನಟ್ (ಆ ಪ್ಯಾಕಿಂಗನ್ನು ಒತ್ತಿ ಹಿಡಿಯುವ ನಟ್) ಇರುವ ವಾಲ್ವ್ ಆದರೆ, ತಣ್ಣಗಿರುವಾಗ ಆ ನಟ್ಟನ್ನು ಒಂದು ಸುತ್ತಿನ ಎಂಟನೇ ಒಂದು ಭಾಗ ಬಿಗಿದು ನೋಡಿ. ನಾಬ್ ತಿರುಗಿಸಲು ಕಷ್ಟವಾದರೆ ಹೆಚ್ಚಾಯಿತು ಎಂದರ್ಥ.

ಈಗ ಬಿಚ್ಚುವ ಕೆಲಸ. ಪ್ಲಗ್ ಕಿತ್ತು, ನೀರಿನ ತೊಟ್ಟಿ ತೆಗೆದಿಟ್ಟು, ಸ್ಟೀಮ್ ವಾಲ್ವ್ ತೆರೆದು ಒತ್ತಡವನ್ನೆಲ್ಲ ಹೊರಬಿಡಿ. ಗೇಜ್ 0 ತೋರಿಸಿತೆಂದು ಸ್ಪ್ಯಾನರ್ ಹಾಕಬೇಡಿ. ಒತ್ತಡ ಇಳಿದ ಮೇಲೂ ಒಳಗಿನ ನೀರು 100 ಡಿಗ್ರಿಯ ಹತ್ತಿರ ಇರುತ್ತದೆ. ಕನಿಷ್ಠ 2 ಗಂಟೆ ಬಿಟ್ಟು, ಬಾಯ್ಲರಿನ ಮೈಗೆ ಅಂಗೈ ಇಡಲು ಆಗುತ್ತದೆಯೇ ನೋಡಿ, ಆಮೇಲೆ ಕೈ ಹಾಕಿ. ವಾಲ್ವ್ ಕೂತಿರುವ ಮಟ್ಟಕ್ಕಿಂತ ಕೆಳಗೆ ಇಳಿಯುವಷ್ಟು ನೀರನ್ನೂ ತೆಗೆಯಬೇಕು. ಒಂದೇ ಬಾಯ್ಲರಿನ ಯಂತ್ರದಲ್ಲಿ ಬಾಯ್ಲರ್ ಮೇಲಿನವರೆಗೂ ತುಂಬಿರುತ್ತದೆ, ವಾಲ್ವ್ ಸಡಿಲವಾದ ಕೂಡಲೇ ನೀರು ವಿದ್ಯುತ್ ಜೋಡಣೆಗಳ ಮೇಲೆ ಹರಿಯುತ್ತದೆ. ತಂತಿಗಳ ಫೋಟೊ ತೆಗೆದಿಟ್ಟುಕೊಳ್ಳಿ.

ನಾಬ್ ಕೆಲವು ಯಂತ್ರಗಳಲ್ಲಿ ಎಳೆದರೆ ಬರುತ್ತದೆ, ಕೆಲವಲ್ಲಿ ಮುಚ್ಚಳದಡಿ ಒಂದು ಸ್ಕ್ರೂ ಅಥವಾ ಬದಿಯಲ್ಲಿ ಸಣ್ಣ ಅಲೆನ್ ಸ್ಕ್ರೂ ಇರುತ್ತದೆ. ಕೊಳವೆಯ ನಟ್ ಬಿಚ್ಚುವಾಗ ಎರಡು ಸ್ಪ್ಯಾನರ್ ಬೇಕು: ಒಂದು ನಟ್ಟಿಗೆ, ಇನ್ನೊಂದು ವಾಲ್ವಿನ ಮೈ ಅಲುಗದಂತೆ ಹಿಡಿಯಲು. ಒಂದರಲ್ಲೇ ತಿರುಗಿಸಿದರೆ ತಾಮ್ರದ ಕೊಳವೆ ತಿರುಚಿಕೊಂಡು, ಒಂದು ಸೋರಿಕೆ ಸರಿ ಮಾಡಲು ಹೋಗಿ ಎರಡಾಗುತ್ತದೆ. ಸ್ಪಿಂಡಲನ್ನು ಹೊರಗೆ ತೆಗೆಯುವ ಮೊದಲು ಅರ್ಧದಷ್ಟು ತೆರೆದ ಸ್ಥಿತಿಗೆ ತನ್ನಿ. ಪೂರ್ತಿ ಮುಚ್ಚಿದ ವಾಲ್ವಿನ ಮೇಲ್ಭಾಗ ತಿರುಗಿಸಿದರೆ ಸೂಜಿ ಸೀಟನ್ನು ಅರೆಯುತ್ತದೆ.

ಹೊರಬಂದ ಸೂಜಿಯನ್ನು ಬೆಳಕಿಗೆ ಹಿಡಿದು, ಸಾಧ್ಯವಾದರೆ ಭೂತಗನ್ನಡಿಯಲ್ಲಿ ನೋಡಿ. ಆರೋಗ್ಯದ ಸೂಜಿಯ ಇಳಿಜಾರಿನಲ್ಲಿ ಕೂದಲೆಳೆಯಷ್ಟು ಹೊಳೆಯುವ ಒಂದೇ ಉಂಗುರ ಇರುತ್ತದೆ. ಉಂಗುರ ಅಗಲವಾಗಿ, ಮೆಟ್ಟಿಲಿನಂತೆ ತಗ್ಗಿದ್ದರೆ ಅದು ಅತಿಯಾಗಿ ಬಿಗಿದದ್ದರ ಗುರುತು. ಉಂಗುರವನ್ನು ಅಡ್ಡ ಕತ್ತರಿಸುವ ಸಣ್ಣ ಗೀರು ಇದ್ದರೆ ಅದು ಹಬೆಯ ಕೆಲಸ: ಸಣ್ಣ ಸಂದಿಯಲ್ಲಿ ರಭಸದಿಂದ ನುಗ್ಗುವ ಹಬೆ ಕಾಲಕ್ರಮದಲ್ಲಿ ಲೋಹಕ್ಕೇ ಕಾಲುವೆ ತೋಡುತ್ತದೆ. ಸಣ್ಣ ಸೋರಿಕೆಯನ್ನು ಬೇಗ ನೋಡಿಕೊಳ್ಳಿ ಎನ್ನುವುದು ಇದಕ್ಕೇ. ಬಿಳಿ ಪೊರೆ ಮಾತ್ರ ಇದ್ದರೆ ತೊಳೆದರೆ ಸಾಕು.

ತೊಳೆಯಲು 1 ಲೀಟರ್ ಉಗುರುಬೆಚ್ಚನೆ ನೀರಿಗೆ 20ರಿಂದ 30 ಗ್ರಾಂ ಸಿಟ್ರಿಕ್ ಆಸಿಡ್. ರಬ್ಬರಿನ ಭಾಗಗಳನ್ನು ತೆಗೆದು, ಹಿತ್ತಾಳೆಯನ್ನಷ್ಟೇ 15-20 ನಿಮಿಷ ನೆನೆಸಿ, ಮೆತ್ತನೆ ನೈಲಾನ್ ಬ್ರಷ್‌ನಿಂದ ಉಜ್ಜಿ. ನೀರು ಕುದಿಯುವಷ್ಟು ಬಿಸಿ ಇರಬಾರದು. ಆಗ ಸುಣ್ಣ ಕರಗುವ ಬದಲು ಕ್ಯಾಲ್ಸಿಯಂ ಸಿಟ್ರೇಟ್ ಆಗಿ ಮತ್ತೆ ಅಂಟಿಕೊಳ್ಳುತ್ತದೆ. ರಾತ್ರಿಯಿಡೀ ನೆನೆಹಾಕುವುದೂ ತಪ್ಪು. ಹಿತ್ತಾಳೆಯೊಳಗಿನ ಸತು ಕರಗಿ ಮೈ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಆ ಪದರ ಟೊಳ್ಳು. ಕಬ್ಬಿಣದ ತಂತಿಯ ಬ್ರಷ್ ಆಗಲಿ ಸ್ಕ್ರೂಡ್ರೈವರ್ ತುದಿಯಾಗಲಿ ಸೀಟಿನ ಹತ್ತಿರವೂ ಹೋಗಬಾರದು. ಅಲ್ಲಿಗೆ ಮರದ ಹಲ್ಲುಕಡ್ಡಿ ಒಳ್ಳೆಯ ಸಾಧನ.

ಸೀಟ್ ಮತ್ತು ಸೂಜಿ ಸರಿಯಾಗಿ ಕೂಡುತ್ತವೆಯೇ ಎಂದು ಕಣ್ಣಳತೆಯಲ್ಲಿ ಹೇಳಲಾಗದು. ಸೂಜಿಯ ಇಳಿಜಾರಿಗೆ ಮಾರ್ಕರ್ ಪೆನ್ನಿನ ಬಣ್ಣ ಬಳಿದು ಒಣಗಿಸಿ, ಸ್ಪಿಂಡಲನ್ನು ಹಾಕಿ ಎರಡು ಬೆರಳಿನಲ್ಲಿ ಮೆಲ್ಲಗೆ ಮುಚ್ಚಿ, ತೆರೆದು, ಹೊರತೆಗೆದು ನೋಡಿ. ಬಣ್ಣ ಅಳಿಸಿದ ಉಂಗುರ ಎಲ್ಲೂ ತುಂಡಾಗಿರದಿದ್ದರೆ ಸರಿ. ಒಂದು ಕಡೆ ಬಣ್ಣ ಹಾಗೇ ಉಳಿದಿದ್ದರೆ ಸೋರುವ ಜಾಗ ಅದೇ. ಸಣ್ಣ ಗೀರಾದರೆ ಸೂಜಿಯನ್ನು ಡ್ರಿಲ್ಲಿನ ಬಾಯಿಗೆ ಕಚ್ಚಿಸಿ, ಅತಿ ನಿಧಾನದ ವೇಗದಲ್ಲಿ ತಿರುಗಿಸುತ್ತ, 1500 ನಂಬರಿನ, ಆಮೇಲೆ 2000 ನಂಬರಿನ ನೀರುಪ್ಪುಕಾಗದವನ್ನು ಒದ್ದೆ ಮಾಡಿ ಇಳಿಜಾರಿನ ಕೋನ ಕೆಡದಂತೆ ಮುಟ್ಟಿಸಿ. ಕೈಯಲ್ಲೇ ಉಜ್ಜಿದರೆ ಗುಂಡು ಹೋಗಿ ಚಪ್ಪಟೆ ಮುಖಗಳಾಗುತ್ತವೆ. ವಾಲ್ವ್ ಅರೆಯುವ ಪೇಸ್ಟ್ ಹಾಕುವ ರೂಢಿಯೂ ಇದೆ. ಮನೆಯ ಯಂತ್ರದ ಹಿತ್ತಾಳೆ ಸೀಟಿಗೆ ಅದು ಬೇಡವೇ ಬೇಡ: ಪೇಸ್ಟಿನ ಹರಳುಗಳು ಮೆದು ಲೋಹದಲ್ಲಿ ಹುಗಿದುಕೊಂಡು, ಪ್ರತಿ ಸಲ ಮುಚ್ಚಿದಾಗಲೂ ಸೂಜಿಯನ್ನು ಕೊರೆಯುತ್ತಲೇ ಇರುತ್ತವೆ. ಸೀಟಿಗೇ ಉಗುರಿಗೆ ತಾಗುವಷ್ಟು ಗೀರು ಬಿದ್ದಿದ್ದರೆ ಪೂರ್ತಿ ವಾಲ್ವ್ ಬದಲಿಸುವುದೇ ಸರಿ.

ಸೂಜಿಯ ಬದಲು ಟೆಫ್ಲಾನ್ ಅಥವಾ ರಬ್ಬರ್ ಬಿಲ್ಲೆ ಇರುವ ವಾಲ್ವ್‌ಗಳು ರಿಪೇರಿಗೆ ಹಗುರ. ಬಿಲ್ಲೆಯಲ್ಲಿ ಆಳವಾದ ಉಂಗುರದ ಅಚ್ಚು ಬಿದ್ದಿದ್ದರೆ ಹೊಸದು ಹಾಕಿ. ಎರಡೂ ಮುಖ ಒಂದೇ ಥರ ಇರುವ ಬಿಲ್ಲೆಯನ್ನು ಹೊಸದು ಬರುವವರೆಗೆ ಮಗುಚಿ ಹಾಕಿ ನಡೆಸಬಹುದು. ನಾಬ್ ಬದಲು ಮೇಲೆ-ಕೆಳಗೆ ಮಾಡುವ ಹಿಡಿ ಇರುವ ವಾಲ್ವ್‌ನಲ್ಲಿ ಮುಚ್ಚುವ ಕೆಲಸ ಸ್ಪ್ರಿಂಗಿನದು. ಬಿಲ್ಲೆಯ ಜೊತೆ ಸ್ಪ್ರಿಂಗನ್ನೂ ನೋಡಿ.

ಓ-ರಿಂಗ್ ವಿಷಯದಲ್ಲಿ ಹೆಚ್ಚು ತಪ್ಪಾಗುವುದು ವಸ್ತುವಿನ ಆಯ್ಕೆಯಲ್ಲಿ. ಎಲ್ಲ ಕಡೆ ಸಿಗುವ ಕಪ್ಪು ನೈಟ್ರೈಲ್ ರಿಂಗ್ 100 ಡಿಗ್ರಿಯ ಆಸುಪಾಸಿನಲ್ಲೇ ಗಟ್ಟಿಯಾಗತೊಡಗುತ್ತದೆ, ಹಬೆಯಲ್ಲಿ ಬೇಗ ಬಿರುಕು ಬಿಡುತ್ತದೆ. ಸಿಲಿಕೋನ್ ಬಿಸಿ ತಾಳುತ್ತದೆ, ಆದರೆ ಮೆದು. ಸ್ಪಿಂಡಲ್ ತಿರುಗುವ ಕಡೆ ಹರಿಯುತ್ತದೆ. ವಿಟಾನ್ ಎಂಬ ರಬ್ಬರ್ ಒಣಬಿಸಿಗೆ ಬಹಳ ಒಳ್ಳೆಯದು, ಅದರ ಸಾಮಾನ್ಯ ಜಾತಿಗಳಿಗೆ ಹಬೆ ಆಗಿಬರುವುದಿಲ್ಲ. ಹಬೆಯ ಜಾಗಕ್ಕೆ ಇಪಿಡಿಎಂ (EPDM) ಎಂಬ ರಬ್ಬರಿನ ರಿಂಗ್ ಕೇಳಿ ಪಡೆಯಿರಿ. ಅದಕ್ಕೆ ವ್ಯಾಸಲಿನ್ ಅಥವಾ ಗಾಡಿಯ ಗ್ರೀಸ್ ತಾಗಿಸಬಾರದು, ಖನಿಜ ಎಣ್ಣೆಗೆ ಊದಿಕೊಳ್ಳುತ್ತದೆ. ಆಹಾರಕ್ಕೆ ಯೋಗ್ಯವಾದ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ರಿಂಗಿಗೂ ಸ್ಪಿಂಡಲಿನ ಥ್ರೆಡ್ಡಿಗೂ ಸವರಿ, ಸೀಟಿಗೆ ಬೇಡ.

ಹಳೆಯ ರಿಂಗ್ ಅಳೆದು ಹೊಸದು ತಂದರೆ ಅಳತೆ ತಪ್ಪುತ್ತದೆ, ಏಕೆಂದರೆ ಅದು ಚಪ್ಪಟೆಯಾಗಿಯೋ ಊದಿಯೋ ಇರುತ್ತದೆ. ರಿಂಗ್ ಕೂರುವ ತೋಡನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆಯಿರಿ. ಎದುರು ಗೋಡೆಯವರೆಗೆ 1.7 ಮಿಲಿಮೀಟರ್ ಜಾಗವಿದ್ದರೆ 2 ಮಿಲಿಮೀಟರ್ ದಪ್ಪದ ರಿಂಗ್ ಶೇ 15ರಷ್ಟು ಅದುಮಿಕೊಳ್ಳುತ್ತದೆ, ತಿರುಗುವ ಸ್ಪಿಂಡಲಿಗೆ ಅಷ್ಟು ಸಾಕು. ಥ್ರೆಡ್ಡಿನ ಮೇಲಿಂದ ರಿಂಗ್ ಜಾರಿಸುವಾಗ ಥ್ರೆಡ್ಡಿಗೆ ಒಂದು ಸುತ್ತು ಟೆಫ್ಲಾನ್ ಟೇಪ್ ಸುತ್ತಿ, ರಿಂಗ್ ದಾಟಿಸಿ, ಟೇಪ್ ಕಿತ್ತುಬಿಡಿ. ಹೊಸ ರಿಂಗ್ ಹಾಕಿದರೂ ಸೋರುತ್ತದೆ ಎನ್ನುವವರಲ್ಲಿ ಅನೇಕರು ಅದನ್ನು ಹಾಕುವಾಗಲೇ ಕೊಯ್ದಿರುತ್ತಾರೆ.

ಜೋಡಿಸುವಾಗ ಟೇಪ್ ಎಲ್ಲ ಕಡೆ ಬೇಡ. ಥ್ರೆಡ್ಡೇ ತಡೆಯಬೇಕಾದ ಜೋಡಣೆಗೆ ಮಾತ್ರ, ಬಿಗಿಯುವ ದಿಕ್ಕಿನಲ್ಲಿ 3-4 ಸುತ್ತು, ಮೊದಲ ಎಳೆ ಖಾಲಿ ಬಿಟ್ಟು. ವಾಷರ್ ಅಥವಾ ಓ-ರಿಂಗ್ ತಡೆಯುವ ಕಡೆ ಟೇಪ್ ಸುತ್ತಿದರೆ ಅದರ ಚಿಂದಿ ಒಳಗೆ ಸೇರಿ ಸೀಟಿನ ಮೇಲೇ ಬಂದು ಕೂರುತ್ತದೆ. ತಾಮ್ರದ ವಾಷರ್ ಹಳೆಯದನ್ನೇ ಹಾಕಬೇಡಿ. ಎರಡು ಬೋಲ್ಟಿನ ವಾಲ್ವ್ ಆದರೆ ಒಂದನ್ನೇ ಪೂರ್ತಿ ಬಿಗಿಯದೆ, ಸ್ವಲ್ಪ ಸ್ವಲ್ಪವಾಗಿ ಎರಡನ್ನೂ ಸರದಿಯಲ್ಲಿ ಬಿಗಿಯಿರಿ.

ಪರೀಕ್ಷೆ ತಣ್ಣಗಿರುವಾಗ ಶುರುವಾಗಲಿ. ಒಂದೇ ಬಾಯ್ಲರಿನ ಯಂತ್ರವಾದರೆ ನೀರು ತುಂಬಿ, ವಾಲ್ವ್ ಮುಚ್ಚಿ, ಕಾಫಿ ಪುಡಿಯ ಬುಟ್ಟಿಯ ಬದಲು ತೂತಿಲ್ಲದ ಬುಟ್ಟಿ ಹಾಕಿ 10 ಸೆಕೆಂಡ್ ಪಂಪ್ ನಡೆಸಿ ಎಲ್ಲ ಜೋಡಣೆಗಳಿಗೂ ಒಣ ಟಿಶ್ಯೂ ಮುಟ್ಟಿಸಿ. ಪ್ರತ್ಯೇಕ ಸ್ಟೀಮ್ ಬಾಯ್ಲರಿಗೆ ಈ ಒತ್ತಡ ತಲುಪುವುದಿಲ್ಲ, ಅದನ್ನು ಬಿಸಿ ಮಾಡಿಯೇ ನೋಡಬೇಕು. ಬಿಸಿಯಾದ ಮೇಲೆ ಎಲ್ಲಾದರೂ ಹನಿ ಕಂಡರೆ ಆ ಒತ್ತಡದಲ್ಲೇ ಸ್ಪ್ಯಾನರ್ ಹಾಕಬೇಡಿ. ಪ್ಲಗ್ ಕಿತ್ತು, ತಣಿಸಿ, ಆಮೇಲೆ ಬಿಗಿಯಿರಿ.

ಇನ್ನು ಬಳಸುವವರಿಗೆ ಹೇಳಿ ಕಳಿಸಬೇಕಾದ್ದು. ಹಬೆ ನಿಂತ ಜಾಗದಲ್ಲಿ ನಾಬ್ ನಿಲ್ಲಲಿ, ಅದರಾಚೆ ಎರಡು ಬೆರಳಿನ ಒತ್ತು ಸಾಕು. ಹಾಲು ಕಾಯಿಸಿದ ಕೂಡಲೇ ತುದಿ ಒರೆಸಿ 2-3 ಸೆಕೆಂಡ್ ಹಬೆ ಬಿಡಲಿ. ಬಾಯ್ಲರ್ ತಣಿಯುವಾಗ ಒಳಗೆ ನಿರ್ವಾತವಾಗುತ್ತದೆ. ಗಾಳಿ ಒಳಬಿಡುವ ವಾಲ್ವ್ ಇಲ್ಲದ ಅಥವಾ ಅದು ಕೆಟ್ಟಿರುವ ಯಂತ್ರದಲ್ಲಿ ಸೀಟ್ ಸ್ವಲ್ಪ ಸೋರಿದರೂ ಕೊಳವೆಯಲ್ಲಿ ಉಳಿದ ಹಾಲು ಬಾಯ್ಲರಿಗೇ ಎಳೆದುಕೊಳ್ಳುತ್ತದೆ. ಬಿಚ್ಚಿದ ವಾಲ್ವಿನೊಳಗೆ ಕಂದು ಬಣ್ಣದ, ಸೀದ ವಾಸನೆಯ ಪೊರೆ ಕಂಡರೆ ಹಾಗೇ ಆಗಿದೆ ಎಂದು ತಿಳಿಯಿರಿ. ಆಗ ವಾಲ್ವ್ ಸರಿ ಮಾಡಿದರೆ ಸಾಲದು, ಬಾಯ್ಲರನ್ನು ಪೂರ್ತಿ ಬರಿದು ಮಾಡಿ, ಬರುವ ನೀರಿಗೆ ಬಣ್ಣವೂ ವಾಸನೆಯೂ ಇಲ್ಲದಾಗುವವರೆಗೆ ತೊಳೆಯಬೇಕು.