ಯಾವ ‘ಶೋ ಬೋಟ್’ ನೋಡಲಿ?

ಹಳೇ ಹಾಲಿವುಡ್ ಹಾಡಿನ ಚಿತ್ರಗಳ ಹುಚ್ಚು ನನಗಿದೆ ಅಂತ ಗೊತ್ತಾದವರೆಲ್ಲ ಕೇಳುವುದು ಇದನ್ನೇ: ‘ಶೋ ಬೋಟ್’ ಬಣ್ಣದ್ದು ನೋಡಲೋ, ಕಪ್ಪು-ಬಿಳುಪಿನದೋ? ಮಿಸಿಸಿಪ್ಪಿ ನದಿಯಲ್ಲಿ ಊರಿಂದೂರಿಗೆ ತೇಲುವ ನಾಟಕದ ದೋಣಿಯ ಕಥೆ ಅದು. ಲೆಕ್ಕಕ್ಕೆ ಮೂರು ಸಲ ಚಿತ್ರವಾಗಿದೆ. 1929ರದ್ದು ಅರ್ಧ ಮೂಕಿ, ಅರ್ಧ ಟಾಕಿ, ಅದನ್ನು ಬಿಡಿ.

ಮೊದಲು 1936ರ ಕಪ್ಪು-ಬಿಳುಪಿನದನ್ನೇ ನೋಡಿ. ಒಂದೇ ಒಂದು ಹಾಡಿಗಾಗಿ.

‘ಓಲ್ ಮ್ಯಾನ್ ರಿವರ್’. ಕಪ್ಪು ಜನ ದುಡಿದು ಸಾಯುವುದನ್ನು ನೋಡಿಯೂ ತುಟಿ ಬಿಚ್ಚದೆ ಹರಿಯುವ ನದಿಯ ಹಾಡು. ಕಪ್ಪು ಗಾಯಕ-ನಟ ಪಾಲ್ ರೋಬ್ಸನ್ ದಡದ ಕಟ್ಟೆಯಲ್ಲಿ ಕೂತು ಹಾಡುತ್ತಾರೆ. ಕ್ಯಾಮೆರಾ ಅವರನ್ನು ನಿಧಾನವಾಗಿ ಬಳಸಿಕೊಂಡು ಬಂದು ಮುಖದ ಹತ್ತಿರ ನಿಲ್ಲುತ್ತದೆ. ಹಾಡಿನ ನಡುವೆ ದೃಶ್ಯಗಳು ತೂರಿಬರುತ್ತವೆ: ಹತ್ತಿ ಅಂಡಿಗೆ ಎತ್ತುವ ಬೆನ್ನು. ಒಂದಿಷ್ಟು ಕುಡಿದದ್ದಕ್ಕೆ ಜೈಲು. ನಿರ್ದೇಶಕ ಜೇಮ್ಸ್ ವೇಲ್, ‘ಫ್ರಾಂಕೆನ್‌ಸ್ಟೈನ್’ ಮಾಡಿದವರು; ನೆರಳಿನ ಕೆಲಸ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬದುಕಿ ಸಾಕಾಗಿದೆ, ಸಾಯಲು ಭಯ ಎಂಬರ್ಥದ ಹಾಡಿನ ಸಾಲನ್ನು ರೋಬ್ಸನ್ ಆಮೇಲೆ ಸಂಗೀತ ಕಛೇರಿಗಳಲ್ಲಿ, ಸಾಯುವತನಕ ಹೋರಾಡುತ್ತೇನೆ ಎಂದು ತಿರುಗಿಸಿಬಿಟ್ಟರು. ಅಸ್ಸಾಮಿನ ಗಾಯಕ ಭೂಪೇನ್ ಹಜಾರಿಕಾ ನ್ಯೂಯಾರ್ಕ್‌ನಲ್ಲಿ ಓದುತ್ತಿದ್ದಾಗ ರೋಬ್ಸನ್ ಒಡನಾಟಕ್ಕೆ ಬಂದರು. ‘ಗಂಗಾ ಬೆಹತೀ ಹೋ ಕ್ಯೂಂ’ ಕೇಳಿದ್ದೀರಲ್ಲ, ಅದರ ಬೇರು ಇಲ್ಲಿದೆ.

ಹುಳುಕಿಲ್ಲ ಅಂತಲ್ಲ. ನಾಯಕಿ ಐರೀನ್ ಡನ್ ಕಪ್ಪು ಜನರ ಅಣಕವಾಗಿ ಮುಖಕ್ಕೆ ಮಸಿ ಬಳಿದುಕೊಂಡು ಕುಣಿಯುವ ಹಾಡೊಂದಿದೆ, ಇವತ್ತು ನೋಡಲಾಗುವುದಿಲ್ಲ. ಕೊನೆಯೂ ಅವಸರದ್ದು.

1951ರ ಎಂಜಿಎಂ ಸ್ಟುಡಿಯೋದ ಚಿತ್ರ ಟೆಕ್ನಿಕಲರ್ ಬಣ್ಣಗಳಲ್ಲಿ ಜಗಜಗಿಸುತ್ತದೆ. ದೋಣಿಗೆ ಹೊಗೆ ಕೊಳವೆ, ಹಿಂದೆ ದೊಡ್ಡ ಚಕ್ರ. ಆದರೆ ನಿಜವಾದ ಶೋ ಬೋಟ್‌ಗಳಿಗೆ ಸಾಮಾನ್ಯವಾಗಿ ಎಂಜಿನ್ನೇ ಇರುತ್ತಿರಲಿಲ್ಲ; ಬೇರೊಂದು ಪುಟ್ಟ ಉಗಿದೋಣಿ ಅವನ್ನು ತಳ್ಳಿಕೊಂಡು ಹೋಗುತ್ತಿತ್ತು. ಬಾಯ್ಲರ್ ಇಟ್ಟರೆ ಜನ ಕೂರುವುದೆಲ್ಲಿ!

ಆದರೂ ಅದನ್ನು ಎರಡನೆಯದಾಗಿ ನೋಡಿ, ಆವಾ ಗಾರ್ಡ್‌ನರ್‌ಗಾಗಿ. ಅವರ ಜೂಲಿ, ಒಡಲಲ್ಲಿ ಕಪ್ಪು ಜನರ ರಕ್ತವಿದೆ ಎಂದು ಬಯಲಾಗಿ ದೋಣಿ ಬಿಟ್ಟುಹೋಗುವ ಗಾಯಕಿ. ತೆರೆಯ ಮೇಲೆ ಹಾಡಿಗೆ ಬೇರೆಯವರ ದನಿ ಕೂರಿಸಿದ್ದಾರೆ, ಅದು ಬೇಜಾರು. ಕೊನೆಯಲ್ಲಿ ಎಲ್ಲರೂ ಒಂದಾಗಿ ದೋಣಿ ಹೊರಟಾಗ ಈಕೆ ಯಾರ ಕಣ್ಣಿಗೂ ಬೀಳದೆ ದಡದಲ್ಲಿ ನಿಂತು, ದೂರದಿಂದಲೇ ಒಂದು ಮುತ್ತು ತೂರುತ್ತಾಳೆ. ಅದಕ್ಕೆ ದನಿ ಬೇಕಿಲ್ಲ.