ಅಡವಿಯೋ ಅರಣ್ಯವೋ

ಒಂಬತ್ತನೇ ತರಗತಿಯ ರಜೆಯಲ್ಲಿ ನಾನು ಪದಬಂಧ ಬಿಡಿಸುವುದನ್ನು ಬಿಟ್ಟು ಕಟ್ಟಲು ಕೂತೆ. ಕೊನೆಯ ಮನೆ ತುಂಬಿದಾಗಿನ ಖುಷಿ ಮೊದಲೇ ಗೊತ್ತಿತ್ತು. ಆದರೆ ನಾನು ಎಲ್ಲಿ ತಡವರಿಸುತ್ತೇನೆ, ಎಲ್ಲಿ ದಾರಿ ಸಿಗುತ್ತದೆ ಎಂದು ಯಾರೋ ಮುಂಚೆಯೇ ಯೋಚಿಸಿ ಇಟ್ಟಿದ್ದಾರಲ್ಲ, ಅದು ನನ್ನನ್ನು ಇನ್ನೂ ಹೆಚ್ಚು ಸೆಳೆಯಿತು.

ಗ್ರಾಫ್ ಪುಸ್ತಕ, ಪೆನ್ಸಿಲು, ರಬ್ಬರು, ಒಂದು ನಿಘಂಟು. ಇಷ್ಟಿದ್ದರೆ ಸಾಕು. 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ಪ್ರಕಟಿಸಿದ ಪದಬಂಧ ವಜ್ರಾಕಾರದಲ್ಲಿತ್ತು. ಈಗ ನಾವು ನೋಡುವ ಚೌಕ, ಅದನ್ನು ತಲೆಕೆಳಗು ಹಿಡಿದರೂ ಕಪ್ಪು ಮನೆಗಳು ಇದ್ದಲ್ಲೇ ಕಾಣಬೇಕೆನ್ನುವ ರೂಢಿ, ಎಲ್ಲ ಆಮೇಲೆ ಬೆಳೆದವು. ಆ ರೂಢಿಯನ್ನು ನಾನೂ ಹಿಡಿದೆ. ಯಾರೂ ಕಡ್ಡಾಯ ಮಾಡಿರಲಿಲ್ಲ, ಆದರೆ ಚೌಕ ನೋಡಲು ಚೆಂದವಿದ್ದರೆ ಬಿಡಿಸುವವರಿಗೂ ಮನಸ್ಸು ಬರುತ್ತದೆ.

ಕನ್ನಡದಲ್ಲಿ ಕಷ್ಟ ಬೇರೆಯೇ. ಒಂದು ಮನೆಯಲ್ಲಿ ಕಾಗುಣಿತ, ಒತ್ತು, ಸೊನ್ನೆ ಎಲ್ಲವನ್ನೂ ಹೊತ್ತ ಇಡೀ ಅಕ್ಷರ ಕೂರುತ್ತದೆ. ‘ಸಂತೆ’ಗೆ ಎರಡೇ ಮನೆ, ‘ವಿಜ್ಞಾನ’ಕ್ಕೆ ಮೂರು. ಎರಡು ಪದಗಳು ಕೂಡುವಲ್ಲಿ ‘ಕ’ ಇದ್ದರೆ ಸಾಲದು, ‘ಕಿ’ಗೆ ‘ಕಿ’ಯೇ ಬೇಕು. ಇಂಗ್ಲಿಷಿನಲ್ಲಿ ಕಟ್ಟುವವರ ಕೈಯಲ್ಲಿರುವುದು 26 ಅಕ್ಷರ, ನಮ್ಮಲ್ಲಿ ನೂರಾರು ರೂಪ. ಅಮೆರಿಕದ ಪತ್ರಿಕೆಗಳ 15×15ರ ಚೌಕಗಳಲ್ಲಿ ಪ್ರತಿ ಬಿಳಿ ಮನೆಯೂ ಎರಡು ಪದಗಳಿಗೆ ಸೇರಿರುತ್ತದೆ. ಹಾಗೆ ಕಟ್ಟಲು ಹೊರಟರೆ ನನ್ನ ಪದಭಂಡಾರ ಮೂರನೇ ಸಾಲಿಗೇ ಬರಿದಾಗುತ್ತದೆ, ಹಾಗಾಗಿ ಕಪ್ಪು ಮನೆಗಳನ್ನು ಧಾರಾಳವಾಗಿ ಬಳಸುತ್ತೇನೆ. ‘ಅ’, ‘ಇ’ಯಂಥ ಸ್ವರಗಳು ಪದದ ಮೊದಲಲ್ಲಿ ಬಿಟ್ಟರೆ ಬೇರೆಲ್ಲೂ ಬರುವುದಿಲ್ಲವೆಂದೇ ಹೇಳಬಹುದು. ಆದ್ದರಿಂದ ಅವುಗಳ ಎಡಕ್ಕೂ ಮೇಲಕ್ಕೂ ಬಿಳಿ ಮನೆ ಇರುವಂತಿಲ್ಲ. ಬದಲಿಗೆ ಪದದ ಕೊನೆಯ ‘ಲು’, ‘ವು’, ‘ರು’ಗಳು ಕಟ್ಟುವವರ ಆಪ್ತಮಿತ್ರರು. ಎಲ್ಲಿ ಬೇಕಾದರೂ ಕೈಗೆ ಸಿಗುತ್ತವೆ.

ನನಗೆ ಬಹಳ ಇಷ್ಟವಾದ ಹೆಣಿಗೆ ಒಂದಿದೆ. ನಟ್ಟನಡುವೆ ಎಡದಿಂದ ಬಲಕ್ಕೆ ‘ಅರಣ್ಯ’. ಅದರ ‘ಅ’ದಿಂದ ಕೆಳಕ್ಕೆ ‘ಅಳಿಲು’, ಅಳಿಲಿನ ‘ಲು’ ನಡುವೆ ಬರುವಂತೆ ಅಡ್ಡಲಾಗಿ ‘ಗೆಲುವು’. ‘ಣ್ಯ’ದಿಂದ ಶುರುವಾಗುವ ಪದ ಕನ್ನಡದಲ್ಲಿಲ್ಲ. ಅದಕ್ಕೇ ಮೇಲಿನಿಂದ ‘ಲಾವಣ್ಯ’ವನ್ನು ಇಳಿಸಿ ಅಲ್ಲಿ ಮುಗಿಸಿದೆ, ಅದರ ‘ಲಾ’ಗೆ ‘ಗುಲಾಬಿ’ಯನ್ನು ಅಡ್ಡ ಹಾಕಿದೆ. ‘ರ’ದ ಸುತ್ತ ಅರ್ಧ ಸುತ್ತು ತಿರುಗಿಸಿದರೆ ಒಂದು ಕಡೆಯ ಮನೆಗಳು ಇನ್ನೊಂದು ಕಡೆಯ ಮನೆಗಳ ಮೇಲೆ ಸರಿಯಾಗಿ ಕೂರುತ್ತವೆ. ಅದು ಕೂಡಿಬಂದ ದಿನ ನನಗೆ ಊಟದ ನೆನಪೇ ಇರಲಿಲ್ಲ.

ಅದನ್ನು ಮೊದಲು ಕೊಟ್ಟದ್ದು ಚಿಕ್ಕಪ್ಪನಿಗೆ. ದಿನವೂ ಪತ್ರಿಕೆಯ ಪದಬಂಧ ಮುಗಿಸಿಯೇ ಏಳುವ ಮನುಷ್ಯ. ಎದುರಿಗೆ ಕೂತು ಬಾಯಿ ಮುಚ್ಚಿಕೊಂಡು ನೋಡುವುದು ಕಟ್ಟುವುದಕ್ಕಿಂತ ಕಷ್ಟ. ‘ಬೆನ್ನ ಮೇಲೆ ಮೂರು ಗೆರೆ’ ಎಂದು ಓದಿದವರು ಕೂಡಲೇ ‘ಅಳಿಲು’ ಬರೆದರು. ಮುಂದಿನ ಸುಳಿವು ‘ಕಾಡು’. ‘ಅ’ ಆಗಲೇ ಇತ್ತಲ್ಲ, ಸರಸರನೆ ‘ಅಡವಿ’ ತುಂಬಿದರು. ಅಲ್ಲಿಗೇ ಬರಲಿ ಎಂದು ನಾನು ಕಾಯುತ್ತಿದ್ದೆ. ‘ಗುಲಾಬಿ’ ಬಂದ ಮೇಲೆ ‘ಚೆಲುವು’ ಎನ್ನುವ ಸುಳಿವಿಗೆ ‘ಲಾ’ದಿಂದ ಶುರುವಾಗಿ ‘ವಿ’ಯಲ್ಲಿ ಮುಗಿಯುವ ಮೂರಕ್ಷರ ಬೇಕಾಯಿತು.

“ಏನಮ್ಮಾ, ಹೀಗೊಂದು ಪದ ಇದೆಯಾ?” ಎಂದು ಹುಬ್ಬೇರಿಸಿದರು. ನಾನು ಉಸಿರೆತ್ತಲಿಲ್ಲ. ಸ್ವಲ್ಪ ಹೊತ್ತಿಗೆ ರಬ್ಬರಿಗೆ ಕೈಹಾಕಿದರು. “ಓ! ಅರಣ್ಯ! ಎರಡೂ ಹೊಂದಲಿ ಅಂತ ಬೇಕಂತಲೇ ಇಟ್ಟಿದ್ದೀಯಾ?”

“ಹೌದು ಚಿಕ್ಕಪ್ಪಾ, ಆದರೆ ಕೊನೆಗೆ ನಿಲ್ಲೋದು ಒಂದೇ.”

ಅವರು ಜೋರಾಗಿ ನಕ್ಕರು. ಆ ನಗುವಿಗಾಗಿಯೇ ಪದಬಂಧ ಕಟ್ಟಬೇಕು ಎಂದು ನನಗೆ ಈಗಲೂ ಅನ್ನಿಸುತ್ತದೆ. ಬಿಡಿಸುವವರನ್ನು ಸೋಲಿಸುವುದು ಬಹಳ ಸುಲಭ, ನಿಘಂಟಿನ ಮೂಲೆಯಿಂದ ಯಾರೂ ಕೇಳದ ಪದ ಎತ್ತಿಟ್ಟರೆ ಆಯಿತು. ಅವರನ್ನು ಒಂದು ಕ್ಷಣ ಅಡವಿಯಲ್ಲಿ ಅಲೆಸಿ, ಅಡ್ಡ ಬರುವ ಪದದ ಕೈಹಿಡಿಸಿ ಹೊರಗೆ ಕರೆತರುವುದರಲ್ಲಿ ಕಸುಬಿದೆ.

ರಜೆ ಮುಗಿದ ಮೇಲೆ ನಕಲು ತೆಗೆಸಿ ತರಗತಿಯಲ್ಲಿ ಹಂಚಿದೆ. ಕೆಲವರು ಹೂವು, ಪ್ರಾಣಿಗಳ ಸುಳಿವನ್ನಷ್ಟೇ ತುಂಬಿ ಮಡಚಿಟ್ಟರು. ಭಾಷೆಯ ಪಾಠ ಎಂದರೆ ದೂರ ಓಡುವ ಗೆಳತಿಯೊಬ್ಬಳು ಮಾತ್ರ ‘ಮೈದಾನದಲ್ಲೂ ಉಂಟು, ಮುಖದ ಮೇಲೂ ಉಂಟು’ ಎನ್ನುವುದಕ್ಕೆ ‘ಗೆಲುವು’ ಎಂದು ಎಲ್ಲರಿಗಿಂತ ಮೊದಲು ಕೂಗಿದಳು. ಮರುವಾರ ತನ್ನದೇ ಚೌಕ ಬರೆದು ತಂದಳು.

“‘ಳ’ದಿಂದ ಶುರುವಾಗೋ ಪದ ಒಂದು ಹೇಳೇ.”

“ಇಲ್ಲವೇ ಇಲ್ಲ ಕಣೇ. ಆ ಪದವನ್ನ ಒಂದು ಮನೆ ಮೇಲಿಂದ ಶುರು ಮಾಡು, ‘ಳ’ ನಡುವೆ ಬರಲಿ.”

ಹಾಗೆ ಮಾಡಿದರೆ ಇಡೀ ಎಡಭಾಗ ಕೆಡುತ್ತಿತ್ತು. ಇಬ್ಬರೂ ಸೇರಿ ಅದನ್ನು ಅಳಿಸಿ, ಮೊದಲ ಸಾಲಿನಿಂದ ಮತ್ತೆ ಕಟ್ಟತೊಡಗಿದೆವು.