ಅಣ್ಣಾ, ಯಾವ ಕ್ಯಾಮೆರಾ ತಗೊಳ್ಲಿ?

ವೈಲ್ಡ್‌ಲೈಫ್ ಫಿಲ್ಮ್ ಮಾಡುವ ನನ್ನನ್ನು ತಿಂಗಳಿಗೆ ನಾಲ್ಕೈದು ಹುಡುಗರಾದರೂ ಕೇಳುತ್ತಾರೆ: "ಅಣ್ಣಾ, ಜುವಾಲಜಿ ಓದ್ತಿದೀನಿ, ವೈಲ್ಡ್‌ಲೈಫ್ ಫಿಲ್ಮ್ ಮಾಡ್ಬೇಕು, ಯಾವ ಕ್ಯಾಮೆರಾ ತಗೊಳ್ಲಿ?" ತೀರ್ಥಹಳ್ಳಿಗೆ ಹೋದರೆ ಅತ್ತೆಯದು ಬೇರೆಯೇ ರಾಗ: "ಎಮ್ಮೆಸ್ಸಿ ಓದಿದ್ದು ದಂಡ ಆಯ್ತಲ್ಲ ಮಾರಾಯ." ಇಬ್ಬರಿಗೂ ನಾನು ಹೇಳುವುದು ಒಂದು ಕಪ್ಪೆಯ ಕತೆ.

ಶರಾವತಿ ಕಡೆಯ ಹಳ್ಳಗಳಲ್ಲಿ ಕುಂಬಾರ ಕಪ್ಪೆ ಇದೆ. 2014ರಲ್ಲಷ್ಟೇ ವಿಜ್ಞಾನಿಗಳು ಅದನ್ನು ಹೊಸ ಪ್ರಭೇದ ಎಂದು ಗುರುತಿಸಿ ಹೆಸರಿಟ್ಟರು. ನೀರಿನ ಮೇಲೆ ಬಾಗಿದ ಕಡ್ಡಿಗೆ ಹೆಣ್ಣು ಮೊಟ್ಟೆ ಇಡುತ್ತದೆ. ಆಮೇಲೆ ಗಂಡು ಹಿಂಗಾಲ ಮೇಲೆ ನಿಂತು, ಹಳ್ಳದ ಕೆಸರನ್ನು ಮುಂಗಾಲಲ್ಲಿ ಎತ್ತಿ ಮೊಟ್ಟೆಗೆ ಮೆತ್ತುತ್ತದೆ. ಅದನ್ನು ಚಿತ್ರಿಸಲು ಮೊದಲ ಮಳೆಗಾಲ ಆರು ರಾತ್ರಿ ಕೂತೆ. ಸಿಕ್ಕಿದ್ದು ಇಂಬಳ ಮಾತ್ರ. ಮರುವರ್ಷ ಕ್ಯಾಮೆರಾ ಮನೆಯಲ್ಲೇ ಬಿಟ್ಟು ನೋಟ್‌ಬುಕ್ ಹಿಡಿದು ಹೋದೆ: ಕೂಗು ಎಷ್ಟು ಗಂಟೆಗೆ ಶುರುವಾಯಿತು, ಮಳೆ ಹೇಗಿತ್ತು, ಕೆಸರು ಮೆತ್ತಿದ ಕಡ್ಡಿ ನೀರಿನಿಂದ ಎಷ್ಟು ಎತ್ತರ, ಇಷ್ಟೇ. ಮೂರನೇ ವರ್ಷ ನಲವತ್ತು ಸೆಕೆಂಡ್ ಸಿಕ್ಕಿತು. ಬೆಳಕು ಮಂದ, ಒಂದು ಎಲೆ ಬೇರೆ ಅಡ್ಡ. ಆದರೂ ಕೆಲಸ ಕೇಳಿಕೊಂಡು ಹೋದಲ್ಲೆಲ್ಲ ಈಗಲೂ ಮೊದಲು ತೋರಿಸುವುದು ಅದನ್ನೇ.

ಕ್ಯಾಮೆರಾ ಆರು ತಿಂಗಳಲ್ಲಿ ಕೈಗೆ ಹತ್ತುತ್ತದೆ. ಎಲ್ಲಿ ಕೂರಬೇಕು, ಯಾವಾಗ ಕೂರಬೇಕು ಅನ್ನುವುದನ್ನು ನನಗೆ ಕಲಿಸಿದ್ದು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಮ್ಮೆಸ್ಸಿ ಓದುವಾಗ ಬೈದುಕೊಂಡೇ ತುಂಬಿಸಿದ ಡೇಟಾ ಶೀಟುಗಳು.

ಓದಿದ್ದರಿಂದ ಒಂದು ಕಷ್ಟವೂ ಇದೆ, ತಪ್ಪು ಕಂಡರೆ ಸುಮ್ನಿರೋಕಾಗಲ್ಲ. ಹಾಗಂತ ಹೇಳುತ್ತೇನೆ, ಆದರೆ ಒಮ್ಮೆ ಸುಮ್ಮನಿದ್ದೆ. ಕಾಳಿಂಗ ಸರ್ಪ ಗೊತ್ತಲ್ವಾ, ತರಗೆಲೆ ಗುಡ್ಡೆ ಹಾಕಿ ಗೂಡು ಕಟ್ಟುವ ಹಾವು ಅದೊಂದೇ. ಬೇಸಿಗೆಯಲ್ಲಿ ಹೆಣ್ಣು ಮೊಟ್ಟೆ ಕಾಯುತ್ತದೆ, ಮರಿ ಹೊರಬರುವ ಮೊದಲೇ ಗೂಡು ಬಿಟ್ಟು ಹೋಗುತ್ತದೆ. ನಾನು ಕೆಲಸ ಮಾಡಿದ ಒಂದು ಫಿಲ್ಮಿನಲ್ಲಿ ಆ ತಾಯಿ ಮರಿಗಳ ದಾರಿ ಕಾಯುತ್ತಾ ಕೂತಿದ್ದಾಳೆ ಅಂತ ಬರೆದಿದ್ದರು, ಹಿಂದೆ ಕೊಳಲು. ಬಾಕಿ ದುಡ್ಡು ಬರಬೇಕಿತ್ತು. ದುಡ್ಡು ಬಂತು, ಆದರೆ ಆ ಫಿಲ್ಮನ್ನು ನಾನು ಯಾರಿಗೂ ತೋರಿಸುವುದಿಲ್ಲ.

ದುಡ್ಡಿನ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ಮೊದಲ ನಾಲ್ಕು ವರ್ಷ ಹೊಟ್ಟೆ ಹೊರೆದದ್ದು ಹಕ್ಕಿ ಸರ್ವೆ ಮತ್ತು ಮದುವೆ ವಿಡಿಯೋ. ಮದುವೆ ವಿಡಿಯೋ ಅಂದ್ರೆ ಮೂಗು ಮುರಿಯಬೇಡಿ, ತಾಳಿ ಕಟ್ಟುವ ಗಳಿಗೆಗೂ ಎರಡನೇ ಟೇಕ್ ಇಲ್ಲ.

ಹುಲಿ, ಆನೆ ಅಂತ ಅಭಯಾರಣ್ಯಕ್ಕೆ ಓಡಬೇಡಿ. 1972ರ ವನ್ಯಜೀವಿ ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಅಲ್ಲಿ ಚಿತ್ರೀಕರಣಕ್ಕೆ ಅನುಮತಿ ಬೇಕು, ಹೊಸಬರಿಗೆ ಅದು ಸುಲಭಕ್ಕೆ ಸಿಗುವುದಿಲ್ಲ. ನಿಮ್ಮದೇ ಅಡಿಕೆ ತೋಟದ ಬಸಿಗಾಲುವೆಯಲ್ಲಿ ಕೂರಲು ಯಾರನ್ನೂ ಕೇಳಬೇಕಿಲ್ಲ.

ಸರಿ, ಕ್ಯಾಮೆರಾ. ಸೆಕೆಂಡ್ ಹ್ಯಾಂಡ್ ಯಾವುದಾದರೂ ಸಾಕು. ಜೊತೆಗೆ ಗಾಳಿಯಾಡದ ಡಬ್ಬವೊಂದು, ಸಿಲಿಕಾ ಜೆಲ್ ಪೊಟ್ಟಣ ನಾಲ್ಕು. ನಮ್ಮ ಮಳೆಗೆ ಲೆನ್ಸಿನೊಳಗೇ ಬೂಷ್ಟು ಹಿಡಿಯುತ್ತದೆ. ನನ್ನ ಮೊದಲ ಲೆನ್ಸು ಉಳಿದದ್ದು ಅಮ್ಮನ ಹಲಸಿನ ಹಪ್ಪಳದ ಡಬ್ಬದಲ್ಲಿ, ಈಗಲೂ ಅಲ್ಲೇ ಇದೆ. ಅಮ್ಮ ಹಪ್ಪಳಕ್ಕೆ ಬೇರೆ ಡಬ್ಬ ತಂದರು.